ವಿಷ್ಣು ಮಾಧವ ಘಾಟಗೆ

ಡಾ. ವಿಷ್ಣು ಮಾಧವ ಘಾಟಗೆ (24 ಅಕ್ಟೋಬರ್ 1908 – 6 ಡಿಸೆಂಬರ್ 1991) ಭಾರತದ ವಿಮಾನ ವಿನ್ಯಾಸಕಾರರು ಹಾಗೂ ವಾಯುಬಲ ವಿಜ್ಞಾನಿಗಳು. ಭಾರತದಲ್ಲಿಯೇ ವಿನ್ಯಾಸಗೊಂಡು ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ಮೊದಲ ವಿಮಾನವಾದ ಎಚ್‌ಟಿ-2 ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡಿತು. ಪುಷ್ಪಕ್, ಕೃಷಕ್ ಮತ್ತು ಕಿರಣ್ ವಿಮಾನಗಳ ವಿನ್ಯಾಸದ ಹಿಂದೆಯೂ ಅವರ ಮಾರ್ಗದರ್ಶನವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಆರಂಭವಾದ ವೈಮಾನಿಕ ಎಂಜಿನಿಯರಿಂಗ್ ವಿಭಾಗವನ್ನು ಕಟ್ಟಿದವರಲ್ಲಿ ಅವರು ಮೊದಲಿಗರು. ಅವರ ಹೆಸರಿನೊಡನೆ ಸೇರಿಕೊಂಡಿರುವ ಪ್ರಮುಖ ವಿಮಾನಗಳಲ್ಲಿ ಹೆಚ್ಚಿನವು ಯುದ್ಧಕ್ಕಾಗಿ ಅಲ್ಲ, ಕಲಿಕೆಗಾಗಿ ರಚಿತವಾದವು. ವಿಮಾನವನ್ನು ನೆಲದಿಂದ ಮೇಲೆತ್ತುವುದನ್ನೂ ಮತ್ತೆ ಸುರಕ್ಷಿತವಾಗಿ ನೆಲಕ್ಕಿಳಿಸುವುದನ್ನೂ ಭಾರತದ ಹಲವು ತಲೆಮಾರುಗಳ ಚಾಲಕರು ಈ ವಿಮಾನಗಳಲ್ಲಿ ಕಲಿತರು. ಭಾರತ ಸರ್ಕಾರವು 1965ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು.

ಜನನ ಮತ್ತು ಶಿಕ್ಷಣ

ಘಾಟಗೆಯವರು ಹುಟ್ಟಿದ್ದು ಇಂದಿನ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ್ ಬಳಿಯ ಹಸೂರಚಂಪು ಎಂಬ ಸಣ್ಣ ಹಳ್ಳಿಯಲ್ಲಿ. ಬೆಳಗಾವಿ ಜಿಲ್ಲೆಯ ಸಂಕೇಶ್ವರಕ್ಕೆ ಸಮೀಪವಿರುವ ಈ ಪ್ರದೇಶವು ಕನ್ನಡ ಮತ್ತು ಮರಾಠಿ ಎರಡೂ ಭಾಷೆಗಳು ಬಳಕೆಯಲ್ಲಿರುವ ಗಡಿಸೀಮೆ. ಅವರು ಹುಟ್ಟಿದ ಕಾಲಕ್ಕೆ ರೈಟ್ ಸಹೋದರರ ಮೊದಲ ಹಾರಾಟ ನಡೆದು ಐದು ವರ್ಷಗಳೂ ತುಂಬಿರಲಿಲ್ಲ. ಭಾರತದ ನೆಲದಲ್ಲಿ ವಿಮಾನ ಹಾರಿದ್ದು ಅದಕ್ಕೂ ಅನಂತರ, 1910ರಲ್ಲಿ.

ಉನ್ನತ ಶಿಕ್ಷಣವನ್ನು ಪುಣೆ ಮತ್ತು ಮುಂಬಯಿಗಳಲ್ಲಿ ಪಡೆದ ಘಾಟಗೆಯವರು ಭೌತಶಾಸ್ತ್ರವನ್ನು ಅಭ್ಯಸಿಸಿದರು. ಆ ದಿನಗಳಲ್ಲಿ ಭಾರತದ ಯಾವ ವಿಶ್ವವಿದ್ಯಾಲಯದಲ್ಲಿಯೂ ವೈಮಾನಿಕ ಎಂಜಿನಿಯರಿಂಗ್ ವಿಷಯವನ್ನು ಪದವಿ ಮಟ್ಟದಲ್ಲಿ ಬೋಧಿಸುವ ವ್ಯವಸ್ಥೆ ಇರಲಿಲ್ಲ. ಆದ್ದರಿಂದ ಆ ವಿಷಯದಲ್ಲಿ ಆಸಕ್ತಿಯುಳ್ಳವರು ಯುರೋಪಿಗೋ ಅಮೆರಿಕಕ್ಕೋ ಹೋಗಬೇಕಾಗುತ್ತಿತ್ತು. ಘಾಟಗೆಯವರು ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದರು.

ಗಾಟಿಂಗೆನ್‌ನಲ್ಲಿ ಸಂಶೋಧನೆ

ಗಾಟಿಂಗೆನ್‌ನಲ್ಲಿ ಘಾಟಗೆಯವರ ಗುರುಗಳಾಗಿದ್ದವರು ಆಧುನಿಕ ವಾಯುಬಲ ವಿಜ್ಞಾನದ ಜನಕರೆಂದು ಹೆಸರಾದ ಲುಡ್ವಿಗ್ ಪ್ರಾಂಟ್ಲ್. ಹರಿಯುವ ಗಾಳಿ ಅಥವಾ ನೀರು ಘನವಸ್ತುವಿನ ಮೈಗೆ ತಾಗುವ ಕಡೆಯಲ್ಲಿ ತೀರ ತೆಳುವಾದ ಒಂದು ಪದರ ಏರ್ಪಡುತ್ತದೆಂದೂ, ಘರ್ಷಣೆಯ ಪರಿಣಾಮವೆಲ್ಲ ಬಹುಮಟ್ಟಿಗೆ ಆ ಪದರದೊಳಗೇ ಅಡಗಿರುತ್ತದೆಂದೂ ಪ್ರಾಂಟ್ಲ್ 1904ರಲ್ಲಿ ತೋರಿಸಿಕೊಟ್ಟಿದ್ದರು. ಸೀಮಾಪದರ ಎಂದು ಕರೆಯಲಾಗುವ ಈ ಪದರವು ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುವವರೆಗೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಗಾಳಿಯ ಹರಿವಿಗೆ ರೆಕ್ಕೆ ಮಾಡುವ ಕೋನ ಒಂದು ಮಿತಿಯನ್ನು ದಾಟಿದರೆ ಪದರವು ಮೇಲ್ಮೈಯಿಂದ ಕಳಚಿಕೊಳ್ಳುತ್ತದೆ, ಎತ್ತುವ ಬಲ ಕುಸಿಯುತ್ತದೆ. ವಿಮಾನ ಚಾಲಕರು ಸ್ಟಾಲ್ ಎಂದು ಕರೆಯುವ ಸ್ಥಿತಿ ಇದೇ. ಹೊಸಬರು ವಿಮಾನವನ್ನು ಇಳಿಸುವಾಗ ಆಗುವ ಅವಘಡಗಳಲ್ಲಿ ಅನೇಕವುಗಳ ಮೂಲ ಇಲ್ಲಿದೆ.

ಘಾಟಗೆಯವರು 1936ರಲ್ಲಿ ಡಾಕ್ಟರೇಟ್ ಪದವಿ ಪಡೆದರು. 1933ರ ಬಳಿಕ ನಾಜಿ ಆಡಳಿತದ ಕಾನೂನುಗಳಿಂದಾಗಿ ಮ್ಯಾಕ್ಸ್ ಬಾರ್ನ್, ಜೇಮ್ಸ್ ಫ್ರ್ಯಾಂಕ್, ಎಮ್ಮಿ ನೋಥರ್ ಮುಂತಾದ ವಿದ್ವಾಂಸರು ಗಾಟಿಂಗೆನ್ ಬಿಟ್ಟು ಹೋದ ಕಾಲವದು. ಪದವಿ ಪಡೆದ ಘಾಟಗೆಯವರು ಸ್ವದೇಶಕ್ಕೆ ಮರಳಿದರು. ಆದರೆ ಅವರು ಕಲಿತ ವಿದ್ಯೆಯನ್ನು ಬಳಸಿಕೊಳ್ಳುವಂಥ ವಿಮಾನ ಕಾರ್ಖಾನೆ ಆಗ ಭಾರತದಲ್ಲಿ ಒಂದೂ ಇರಲಿಲ್ಲ.

ಹಿಂದೂಸ್ಥಾನ್ ಏರ್‌ಕ್ರಾಫ್ಟ್

ಈ ಕೊರತೆಯನ್ನು ತುಂಬಿದವರು ಸೋಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲದೊಡನೆ ವಾಲ್‌ಚಂದ್ ಅವರು 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಕಾರ್ಖಾನೆಗೆ ಬೇಕಾದ ಭೂಮಿಯನ್ನು ಮೈಸೂರು ಸರ್ಕಾರ ಒದಗಿಸಿತು. ಅಮೆರಿಕದ ವಿಲಿಯಂ ಪಾವ್ಲಿ ಯಂತ್ರೋಪಕರಣಗಳನ್ನೂ ತಂತ್ರಜ್ಞರನ್ನೂ ತಂದುಕೊಟ್ಟರು. ಆರಂಭದ ದಿನಗಳಲ್ಲಿಯೇ ಈ ಸಂಸ್ಥೆಯನ್ನು ಸೇರಿದ ಭಾರತೀಯ ಪರಿಣತರಲ್ಲಿ ಘಾಟಗೆಯವರೂ ಒಬ್ಬರು.

ಕಾರ್ಖಾನೆಯ ಮೊದಲ ಕೆಲಸ ಅಮೆರಿಕದಿಂದ ಬಿಡಿಭಾಗಗಳಾಗಿ ಬಂದ ವಿಮಾನಗಳನ್ನು ಜೋಡಿಸುವುದು. 1941ರ ಆಗಸ್ಟ್‌ನಲ್ಲಿ ಹಾರ್ಲೋ ತರಬೇತಿ ವಿಮಾನವೂ ಮರುವರ್ಷ ಕರ್ಟಿಸ್ ಹಾಕ್ ಯುದ್ಧ ವಿಮಾನವೂ ಇಲ್ಲಿಂದ ಹೊರಬಂದವು. ಅದೇ ಅವಧಿಯಲ್ಲಿ ಘಾಟಗೆಯವರು ಜಿ-1 ಎಂಬ ಗ್ಲೈಡರನ್ನು ವಿನ್ಯಾಸ ಮಾಡಿದರು. ಹತ್ತು ಮಂದಿ ಸೈನಿಕರನ್ನು ಒಯ್ಯಲೆಂದು ಯೋಜಿತವಾದ, ಎಂಜಿನ್ ಇಲ್ಲದ ವಿಮಾನ ಅದು. ಇನ್ನೊಂದು ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆಯಬೇಕು, ಬಿಡುಗಡೆಯಾದ ಮೇಲೆ ಅದು ತೇಲುತ್ತ ಇಳಿಯಬೇಕು. ಭಾರತದಲ್ಲಿ ವಿನ್ಯಾಸಗೊಂಡ ಮೊದಲ ವಿಮಾನಗಳ ಸಾಲಿಗೆ ಸೇರುವ ಜಿ-1 ಹಾರಾಟ ನಡೆಸಿತಾದರೂ ಸಂಖ್ಯೆಯಲ್ಲಿ ತಯಾರಾಗಲಿಲ್ಲ.

ಯುದ್ಧ ತೀವ್ರವಾಗುತ್ತಿದ್ದಂತೆ ಕಾರ್ಖಾನೆಯ ಸ್ವರೂಪ ಬದಲಾಯಿತು. 1942ರಲ್ಲಿ ಭಾರತ ಸರ್ಕಾರವು ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡು ಆಡಳಿತವನ್ನು ವಹಿಸಿಕೊಂಡಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ಸೈನ್ಯದ ವಾಯುಪಡೆಯ ಮೇಲ್ವಿಚಾರಣೆಗೆ ಒಳಪಟ್ಟು, ಪೂರ್ವ ರಣರಂಗದ ವಿಮಾನಗಳನ್ನು ರಿಪೇರಿ ಮಾಡುವ ಬೃಹತ್ ಕೇಂದ್ರವಾಯಿತು. ಹೊಸ ವಿನ್ಯಾಸಕ್ಕೆ ಅಲ್ಲಿ ಎಡೆ ಉಳಿಯಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರ ಡಿಸೆಂಬರ್‌ನಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದರ ಹೊಣೆ ಘಾಟಗೆಯವರ ಮೇಲೆ ಬಿತ್ತು. ದೇಶದಲ್ಲಿ ಆ ವಿಷಯವನ್ನು ಸ್ನಾತಕೋತ್ತರ ಮಟ್ಟದಲ್ಲಿ ಬೋಧಿಸಿದ ಮೊದಲ ವಿಭಾಗ ಅದು. ವಿಮಾನವೊಂದನ್ನು ಹಾರಿಸಿ ನೋಡುವ ಮೊದಲು ಅದರ ಚಿಕ್ಕ ಮಾದರಿಯನ್ನು ವಾಯುಸುರಂಗದಲ್ಲಿ ನಿಲ್ಲಿಸಿ, ಅದರ ಮೇಲೆ ಗಾಳಿ ಹಾಯಿಸಿ, ಬಲಗಳನ್ನು ಅಳೆಯುವ ಗಾಟಿಂಗೆನ್ ಪರಂಪರೆ ಹೀಗೆ ಬೆಂಗಳೂರಿಗೆ ಬಂದಿತು. ಪ್ರಾಂಟ್ಲ್ ಅವರ ಮತ್ತೊಬ್ಬ ಶಿಷ್ಯರಾದ ಆಸ್ಕರ್ ಟೀಟ್ಯೆನ್ಸ್ ಮುಂದೆ ಇದೇ ವಿಭಾಗದ ಮುಖ್ಯಸ್ಥರಾದರು. 1951ರಲ್ಲಿ ಸತೀಶ್ ಧವನ್ ಸಂಸ್ಥೆಯನ್ನು ಸೇರಿದರು.

ಈ ವಿಭಾಗದ ಮಹತ್ವ ಪಾಠಪಟ್ಟಿಗೆ ಸೀಮಿತವಾಗಿರಲಿಲ್ಲ. ವಿಮಾನ ಕಾರ್ಖಾನೆ ಮತ್ತು ವಿದ್ಯಾಸಂಸ್ಥೆ ಒಂದೇ ಊರಿನಲ್ಲಿ ಇದ್ದುದರಿಂದ ಕಾರ್ಖಾನೆಗೆ ತರಬೇತಾದ ಎಂಜಿನಿಯರುಗಳು ದೊರೆತರು, ಸಂಸ್ಥೆಗೆ ನಿಜವಾದ ಸಮಸ್ಯೆಗಳು ದೊರೆತವು. ಬೆಂಗಳೂರು ಭಾರತದ ವೈಮಾನಿಕ ಉದ್ಯಮದ ಕೇಂದ್ರವಾಗಿ ಬೆಳೆದುದಕ್ಕೆ ಈ ನೆರೆಹೊರೆಯೂ ಒಂದು ಕಾರಣ.

ಎಚ್‌ಟಿ-2

ಸ್ವಾತಂತ್ರ್ಯಾನಂತರ ಭಾರತೀಯ ವಾಯುಪಡೆಯ ಪ್ರಾಥಮಿಕ ತರಬೇತಿ ಬ್ರಿಟನ್ನಿನ ಟೈಗರ್ ಮಾತ್ ವಿಮಾನಗಳಲ್ಲಿ ನಡೆಯುತ್ತಿತ್ತು. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಜೋಡಿರೆಕ್ಕೆಗಳ ಈ ವಿಮಾನಕ್ಕೆ ತೆರೆದ ಚಾಲಕಕೋಣೆಯಿತ್ತು. ಬೆಂಗಳೂರಿನ ಕಾರ್ಖಾನೆಯಲ್ಲಿ ಪರ್ಸಿವಲ್ ಪ್ರೆಂಟಿಸ್ ಎಂಬ ಬ್ರಿಟಿಷ್ ತರಬೇತಿ ವಿಮಾನದ ಜೋಡಣೆಯೂ ಆರಂಭವಾಗಿತ್ತು. ಹೊರಗಿನ ವಿನ್ಯಾಸವನ್ನು ಜೋಡಿಸುವುದರ ಬದಲು ಸ್ವಂತ ವಿನ್ಯಾಸವನ್ನೇ ಮಾಡಬೇಕೆಂಬ ಪ್ರಸ್ತಾವಕ್ಕೆ 1948ರಲ್ಲಿ ಅನುಮತಿ ದೊರೆಯಿತು. ಘಾಟಗೆಯವರ ನೇತೃತ್ವದ ತಂಡ ಕೆಲಸಕ್ಕೆ ತೊಡಗಿತು.

ತಂಡದ ಮುಂದೆ ಅನುಸರಿಸಲು ಸ್ವದೇಶಿ ಮೇಲ್ಪಂಕ್ತಿ ಇರಲಿಲ್ಲ. ಬಲಗಳ ಲೆಕ್ಕಾಚಾರ, ನಕ್ಷೆ, ಲೋಹದ ಹಾಳೆಗಳ ಬಲಪರೀಕ್ಷೆ, ಹಾರಾಟದ ಪರೀಕ್ಷೆ, ಇವೆಲ್ಲವನ್ನೂ ಮೊದಲ ಬಾರಿಗೆ ಇಲ್ಲಿಯೇ ಮಾಡಬೇಕಿತ್ತು. ಯೋಜನೆ ವಿಫಲವಾಗಿದ್ದರೆ ಭಾರತೀಯ ಎಂಜಿನಿಯರುಗಳು ಜೋಡಣೆಗೆ ಮಾತ್ರ ತಕ್ಕವರೆಂಬ ಅಭಿಪ್ರಾಯ ಗಟ್ಟಿಯಾಗುತ್ತಿತ್ತು. ಅದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯೆಂದರೆ, ಈ ವಿಮಾನವನ್ನು ಹಾರಿಸಬೇಕಾದವರು ನುರಿತ ಚಾಲಕರಲ್ಲ, ಅದುವರೆಗೆ ವಿಮಾನವನ್ನೇ ಮುಟ್ಟಿರದ ಯುವಕರು. ವಿನ್ಯಾಸದ ದೋಷದ ಬೆಲೆಯನ್ನು ಅವರು ಪ್ರಾಣದಿಂದ ತೆರಬೇಕಾಗುತ್ತಿತ್ತು.

ಎಚ್‌ಟಿ-2ರ ಮೊದಲ ಮಾದರಿಯು 1951ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹಾರಿತು. ಪರೀಕ್ಷಾ ಚಾಲಕರಾಗಿದ್ದವರು ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿ. ಮೊದಲ ಮಾದರಿಗೆ ಜಿಪ್ಸಿ ಮೇಜರ್ ಎಂಜಿನ್ ಇತ್ತು. 1952ರಲ್ಲಿ ಹಾರಿದ ಎರಡನೆಯ ಮಾದರಿಗೂ ಅನಂತರ ತಯಾರಾದ ವಿಮಾನಗಳಿಗೂ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ ಅಳವಡಿಸಲಾಯಿತು.

ಎಚ್‌ಟಿ-2 ಪೂರ್ಣ ಲೋಹದ, ಕೆಳರೆಕ್ಕೆಯ ವಿಮಾನ. ರೆಕ್ಕೆಗಳ ತುದಿಯಿಂದ ತುದಿಗೆ 10.72 ಮೀಟರ್, ಉದ್ದ 7.53 ಮೀಟರ್. ಪೂರ್ಣಭಾರದೊಡನೆ ತೂಕ ಒಂದು ಟನ್ನಿಗಿಂತ ತುಸು ಹೆಚ್ಚು. ಗರಿಷ್ಠ ವೇಗ ಗಂಟೆಗೆ ಸುಮಾರು 210 ಕಿಲೋಮೀಟರ್. ವಿದ್ಯಾರ್ಥಿ ಮತ್ತು ಬೋಧಕ ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುತ್ತಿದ್ದರು. ಇಬ್ಬರ ಮುಂದೆಯೂ ನಿಯಂತ್ರಣದ ಕೋಲು ಮತ್ತು ಪಾದದ ಪೆಡಲುಗಳು ಇದ್ದುದರಿಂದ ವಿದ್ಯಾರ್ಥಿ ತಪ್ಪಿದಾಗ ಬೋಧಕ ಕೂಡಲೇ ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದಾಗಿತ್ತು. ಒಟ್ಟು ಸುಮಾರು 170 ವಿಮಾನಗಳು ತಯಾರಾದವು. ವಾಯುಪಡೆಯಲ್ಲಿ ಮಾತ್ರವಲ್ಲದೆ ನಾಗರಿಕ ಹಾರಾಟ ತರಬೇತಿಯಲ್ಲಿಯೂ ಅವು ಬಳಕೆಯಾದವು. ಘಾನಾ ದೇಶವು 1959ರಲ್ಲಿ ಭಾರತದ ನೆರವಿನಿಂದ ತನ್ನ ವಾಯುಪಡೆಯನ್ನು ಕಟ್ಟಿದಾಗ 12 ಎಚ್‌ಟಿ-2 ವಿಮಾನಗಳನ್ನು ಪಡೆಯಿತು.

ಮೇಲೇರುವ ಮತ್ತು ಇಳಿಯುವ ಕಲಿಕೆ

ಎಚ್‌ಟಿ-2ರಲ್ಲಿ ಮುಂದೆ ಎರಡು ದೊಡ್ಡ ಚಕ್ರಗಳೂ ಬಾಲದ ತುದಿಯಲ್ಲಿ ಒಂದು ಚಿಕ್ಕ ಚಕ್ರವೂ ಇದ್ದವು. ನೆಲದ ಮೇಲೆ ನಿಂತಾಗ ಮೂತಿ ಮೇಲಕ್ಕೆ ಎದ್ದಿರುತ್ತಿತ್ತು, ಚಾಲಕನಿಗೆ ನೇರ ಮುಂದಿನ ದಾರಿ ಕಾಣುತ್ತಿರಲಿಲ್ಲ. ಈ ಜೋಡಣೆಯಲ್ಲಿ ವಿಮಾನದ ಗುರುತ್ವಕೇಂದ್ರ ಮುಖ್ಯ ಚಕ್ರಗಳ ಹಿಂದೆ ಬರುತ್ತದೆ. ಹೀಗಾಗಿ ಓಡುವಾಗ ಮೂತಿ ಸ್ವಲ್ಪ ಪಕ್ಕಕ್ಕೆ ತಿರುಗಿದರೂ ಆ ತಿರುವು ತಾನಾಗಿಯೇ ಹೆಚ್ಚುತ್ತ ಹೋಗುತ್ತದೆ. ಚಾಲಕನು ಪೆಡಲುಗಳಿಂದ ಕೂಡಲೇ ಸರಿಪಡಿಸದಿದ್ದರೆ ವಿಮಾನ ನೆಲದ ಮೇಲೆಯೇ ಗಿರಕಿ ಹೊಡೆದು ರೆಕ್ಕೆಯ ತುದಿ ನೆಲಕ್ಕೆ ಬಡಿಯುವ ಅಪಾಯವಿದೆ. ಮೂತಿಯ ಕೆಳಗೆ ಚಕ್ರವಿರುವ ವಿಮಾನಗಳಲ್ಲಿ ಗುರುತ್ವಕೇಂದ್ರ ಮುಖ್ಯ ಚಕ್ರಗಳ ಮುಂದಿರುವುದರಿಂದ ಅವು ನೇರ ದಾರಿಗೆ ತಾವಾಗಿಯೇ ಮರಳುತ್ತವೆ.

ಮೇಲೇರುವಾಗ ವಿಮಾನವನ್ನು ಗಾಳಿಗೆ ಎದುರಾಗಿ ನಿಲ್ಲಿಸಿ ಎಂಜಿನ್ನಿಗೆ ಪೂರ್ಣ ಶಕ್ತಿ ಕೊಡಲಾಗುತ್ತದೆ. ಎದುರುಗಾಳಿಯಿಂದಾಗಿ ನೆಲದ ಮೇಲಿನ ಓಟ ಕಡಿಮೆ ಇರುವಾಗಲೇ ರೆಕ್ಕೆಗಳ ಮೇಲೆ ಸಾಕಷ್ಟು ಗಾಳಿ ಹಾಯುತ್ತದೆ. ವೇಗ ಹೆಚ್ಚಿದಂತೆ ಮೊದಲು ಬಾಲ ಮೇಲೇಳುತ್ತದೆ, ದಾರಿ ಕಾಣತೊಡಗುತ್ತದೆ, ಆಮೇಲೆ ಕೋಲನ್ನು ಮೆಲ್ಲನೆ ಹಿಂದಕ್ಕೆಳೆದಾಗ ಚಕ್ರಗಳು ನೆಲ ಬಿಡುತ್ತವೆ. ಪಂಖ ಸುತ್ತುವ ರಭಸಕ್ಕೆ ವಿಮಾನ ಒಂದು ಬದಿಗೆ ಎಳೆಯುವುದರಿಂದ ಇಡೀ ಓಟದಲ್ಲಿ ಪಾದಗಳು ಎಚ್ಚರವಾಗಿರಬೇಕು. ನೆಲ ಬಿಟ್ಟ ಕೂಡಲೇ ಆತುರದಿಂದ ಮೂತಿ ಎತ್ತಿದರೆ ವೇಗ ಕುಗ್ಗಿ ಸ್ಟಾಲ್ ಆಗುವ ಸಂಭವವಿದೆ, ಆ ಎತ್ತರದಲ್ಲಿ ಚೇತರಿಸಿಕೊಳ್ಳಲು ಅವಕಾಶ ಸಾಲದು.

ಇಳಿಯುವುದು ಇದಕ್ಕಿಂತ ಕಠಿಣ. ವಿದ್ಯಾರ್ಥಿಯು ರನ್‌ವೇಯ ಸುತ್ತ ಆಯತಾಕಾರದ ದಾರಿಯಲ್ಲಿ ಸುತ್ತಿ ಬಂದು, ಒಂದೇ ವೇಗದಲ್ಲಿ ಒಂದೇ ಇಳಿಜಾರಿನಲ್ಲಿ ಕೆಳಗಿಳಿಯಬೇಕು. ನೆಲ ಹತ್ತಿರವಾದಾಗ ಮೂತಿಯನ್ನು ಹಂತಹಂತವಾಗಿ ಎತ್ತುತ್ತ ಇಳಿಕೆಯನ್ನು ನಿಧಾನಗೊಳಿಸಬೇಕು. ಬಾಲಚಕ್ರದ ವಿಮಾನದಲ್ಲಿ ಮೂರೂ ಚಕ್ರಗಳು ಒಟ್ಟಿಗೆ ನೆಲ ಮುಟ್ಟುವಂತೆ, ಅಂದರೆ ನೆಲದಿಂದ ಗೇಣುದ್ದ ಎತ್ತರದಲ್ಲಿ ವಿಮಾನ ಸ್ಟಾಲ್ ಆಗುವಂತೆ ಇಳಿಸುವುದು ಉತ್ತಮ ಇಳಿಕೆ ಎನಿಸುತ್ತದೆ. ಬೇಗ ಎತ್ತಿದರೆ ವಿಮಾನ ಮೇಲಿನಿಂದ ದೊಪ್ಪನೆ ಬೀಳುತ್ತದೆ, ತಡಮಾಡಿದರೆ ಚಕ್ರ ತಗುಲಿ ಪುಟಿಯುತ್ತದೆ. ಘಾಟಗೆಯವರು ಗಾಟಿಂಗೆನ್‌ನಲ್ಲಿ ಸಮೀಕರಣಗಳ ರೂಪದಲ್ಲಿ ಕಂಡ ಸೀಮಾಪದರದ ಕಳಚುವಿಕೆಯನ್ನು ತರಬೇತಿಯ ಯುವಕನು ಈ ಕೆಲವು ಕ್ಷಣಗಳಲ್ಲಿ ಕೈಯಿಂದ ಅರಿತುಕೊಳ್ಳುತ್ತಾನೆ.

ಇಂಥ ವಿಮಾನದ ವಿನ್ಯಾಸದಲ್ಲಿ ಎರಡು ಬೇಡಿಕೆಗಳನ್ನು ಸರಿದೂಗಿಸಬೇಕು. ವಿಮಾನವು ತೀರ ಸೌಮ್ಯವಾಗಿದ್ದರೆ ವಿದ್ಯಾರ್ಥಿ ತನ್ನ ತಪ್ಪನ್ನು ಗಮನಿಸುವುದೇ ಇಲ್ಲ, ಮುಂದೆ ಬಿರುಸಾದ ವಿಮಾನಕ್ಕೆ ಹೋದಾಗ ಕಷ್ಟಕ್ಕೆ ಸಿಲುಕುತ್ತಾನೆ. ತೀರ ಕಟುವಾಗಿದ್ದರೆ ಮೊದಲ ತಪ್ಪೇ ಕೊನೆಯ ತಪ್ಪಾಗಬಹುದು. ತಪ್ಪನ್ನು ಸ್ಪಷ್ಟವಾಗಿ ತೋರಿಸಿ, ತಿದ್ದಿಕೊಳ್ಳಲು ಸಮಯವನ್ನೂ ಕೊಡುವುದು ಒಳ್ಳೆಯ ತರಬೇತಿ ವಿಮಾನದ ಲಕ್ಷಣ.

ಪುಷ್ಪಕ್ ಮತ್ತು ಕೃಷಕ್

ಎಚ್‌ಟಿ-2ರ ಬಳಿಕ ಹಾರಾಟ ಕ್ಲಬ್ಬುಗಳಿಗೆಂದು ಪುಷ್ಪಕ್ ಎಂಬ ಹಗುರ ವಿಮಾನ ಸಿದ್ಧವಾಯಿತು. 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿಗೆ ಹಾರಿದ ಪುಷ್ಪಕ್‌ಗೆ 90 ಅಶ್ವಶಕ್ತಿಯ ಎಂಜಿನ್ ಇತ್ತು. ರೆಕ್ಕೆ ಚಾಲಕನ ತಲೆಯ ಮೇಲಿದ್ದು, ಇಬ್ಬರು ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವ ವ್ಯವಸ್ಥೆಯಿತ್ತು. ದೇಶದ ಹಲವು ಕ್ಲಬ್ಬುಗಳಲ್ಲಿ ನಾಗರಿಕ ಚಾಲಕರು ಮೊದಲ ಪಾಠ ಕಲಿತದ್ದು ಇದರಲ್ಲಿ. ಪುಷ್ಪಕ್‌ನ ಮಾದರಿಯನ್ನೇ ಬೆಳೆಸಿ ರೂಪಿಸಿದ ಕೃಷಕ್ 1959ರಲ್ಲಿ ಹಾರಿತು. ಇದನ್ನು ಭೂಸೇನೆಯು ಫಿರಂಗಿ ದಾಳಿಯ ವೀಕ್ಷಣೆಗಾಗಿ ಬಳಸಿತು.

ಎಚ್‌ಎಫ್-24 ಕಾಲಘಟ್ಟ

1956ರಲ್ಲಿ ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ತಮ್ಮ ಸಹೋದ್ಯೋಗಿಗಳೊಡನೆ ಬೆಂಗಳೂರಿಗೆ ಬಂದರು. ಎಚ್‌ಎಫ್-24 ಮಾರುತ್ ಎಂಬ ಜೆಟ್ ಯುದ್ಧ ವಿಮಾನದ ವಿನ್ಯಾಸ ಅವರ ನೇತೃತ್ವದಲ್ಲಿ ಆರಂಭವಾಯಿತು. ಎಚ್‌ಟಿ-2 ಯೋಜನೆಯ ಮೂಲಕ ಬೆಳೆದಿದ್ದ ಭಾರತೀಯ ವಿನ್ಯಾಸಕಾರರ ತಂಡ ಈ ಕೆಲಸಕ್ಕೆ ಅಗತ್ಯವಾದ ತಳಹದಿಯನ್ನು ಒದಗಿಸಿತು. ಎಂಜಿನ್ ಅಳವಡಿಸುವ ಮೊದಲು ಮಾರುತ್‌ನ ಪೂರ್ಣಗಾತ್ರದ ಮರದ ಮಾದರಿಯೊಂದನ್ನು ಗ್ಲೈಡರ್ ರೂಪದಲ್ಲಿ ತಯಾರಿಸಿ, 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಕೊಂಡೊಯ್ದು ಬಿಡಲಾಯಿತು. ಸುಮಾರು 80 ಹಾರಾಟಗಳಲ್ಲಿ ಹೊಸ ವಿಮಾನ ಕಡಿಮೆ ವೇಗದಲ್ಲಿ ಹೇಗೆ ವರ್ತಿಸುತ್ತದೆ, ಇಳಿಯುವಾಗ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಪರೀಕ್ಷಾ ಚಾಲಕರು ತಿಳಿದುಕೊಂಡರು. ಮಾರುತ್ 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಚಾಲನೆಯಲ್ಲಿ ಮೊದಲ ಹಾರಾಟ ನಡೆಸಿತು.

ಕಿರಣ್

ವಾಯುಪಡೆಯು ಜೆಟ್ ವಿಮಾನಗಳತ್ತ ಹೊರಳಿದಾಗ ತರಬೇತಿಯ ಕ್ರಮವೂ ಬದಲಾಗಬೇಕಾಯಿತು. ಪಂಖದ ವಿಮಾನದಲ್ಲಿ ಕಲಿತವರನ್ನು ನೇರವಾಗಿ ಜೆಟ್ ಯುದ್ಧ ವಿಮಾನಕ್ಕೆ ಏರಿಸುವುದು ಅಪಾಯಕರವಾಗಿತ್ತು. ನಡುವಿನ ಮೆಟ್ಟಿಲಾಗಿ ಎಚ್‌ಜೆಟಿ-16 ಕಿರಣ್ ವಿಮಾನವನ್ನು ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸಗೊಳಿಸಲಾಯಿತು. 1964ರ ಸೆಪ್ಟೆಂಬರ್ 4ರಂದು ಅದು ಮೊದಲ ಬಾರಿಗೆ ಹಾರಿತು. ಚಾಲಕರಾಗಿದ್ದವರು ಸುರಂಜನ್ ದಾಸ್. ಮುಂದಿನ ತಿಂಗಳೇ, ಅಕ್ಟೋಬರ್ 1ರಂದು, ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಮತ್ತು ಏರೋನಾಟಿಕ್ಸ್ ಇಂಡಿಯಾ ಸಂಸ್ಥೆಗಳು ಒಂದಾಗಿ ಇಂದಿನ ಹಿಂದೂಸ್ಥಾನ್ ಏರೋನಾಟಿಕ್ಸ್ ರೂಪುಗೊಂಡಿತು. 1968ರಲ್ಲಿ ಕಿರಣ್ ವಾಯುಪಡೆಯ ಸೇವೆಗೆ ಸೇರಿತು.

ಕಿರಣ್‌ನಲ್ಲಿ ಬೋಧಕ ಮತ್ತು ವಿದ್ಯಾರ್ಥಿ ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ವಿದ್ಯಾರ್ಥಿಯ ಕೈ ಎಲ್ಲಿದೆ, ಕಣ್ಣು ಯಾವ ಮಾಪಕದ ಮೇಲಿದೆ ಎಂಬುದನ್ನು ಬೋಧಕ ನೇರವಾಗಿ ನೋಡಬಹುದು. ಒತ್ತಡ ನಿಯಂತ್ರಿತ ಚಾಲಕಕೋಣೆ, ಅಪಾಯದಲ್ಲಿ ಹೊರಚಿಮ್ಮುವ ಆಸನಗಳು, ಮೂತಿಯ ಕೆಳಗೆ ಚಕ್ರ, ವೈಪರ್ ಜೆಟ್ ಎಂಜಿನ್ ಇದರ ಮುಖ್ಯ ಲಕ್ಷಣಗಳು. ಗರಿಷ್ಠ ವೇಗ ಗಂಟೆಗೆ ಸುಮಾರು 695 ಕಿಲೋಮೀಟರ್. ಮುಂದೆ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್ ಇರುವ ಕಿರಣ್ ಮಾರ್ಕ್ 2 ಬಂದಿತು. ಎಲ್ಲ ಆವೃತ್ತಿಗಳೂ ಸೇರಿ ಸುಮಾರು 250 ಕಿರಣ್ ವಿಮಾನಗಳು ತಯಾರಾದವು. ಸೇವೆಗೆ ಸೇರಿದ ಅರ್ಧ ಶತಮಾನದ ಬಳಿಕವೂ ಅವು ತರಬೇತಿಯಲ್ಲಿ ಬಳಕೆಯಲ್ಲಿದ್ದವು.

ಬೀದರ್‌ನ ನಂಟು

ಘಾಟಗೆಯವರ ವಿಮಾನಗಳು ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಾದರೂ ಅವುಗಳ ದೀರ್ಘ ಸೇವೆಯ ಒಂದು ಮುಖ್ಯ ನೆಲೆ ಕರ್ನಾಟಕದ ಉತ್ತರ ತುದಿಯ ಬೀದರ್. ಇಲ್ಲಿನ ವಾಯುಪಡೆ ನೆಲೆಯಲ್ಲಿ 1963ರಲ್ಲಿ ಆರಂಭವಾದ ಪ್ರಾಥಮಿಕ ಹಾರಾಟ ಶಾಲೆಯು ಎಚ್‌ಟಿ-2 ವಿಮಾನಗಳನ್ನು ಬಳಸುತ್ತಿತ್ತು. 1980ರ ದಶಕದಲ್ಲಿ ಅವುಗಳ ಸ್ಥಾನಕ್ಕೆ ಎಚ್‌ಪಿಟಿ-32 ದೀಪಕ್ ಬಂದಿತು. ಕಿರಣ್ ಮಾರ್ಕ್ 2 ವಿಮಾನಗಳನ್ನು ಬಳಸಿ 1996ರಲ್ಲಿ ರಚಿತವಾದ ವಾಯುಪಡೆಯ ಪ್ರದರ್ಶನ ತಂಡ ಸೂರ್ಯಕಿರಣ್‌ಗೂ ಬೀದರ್ ನೆಲೆಯೇ ಮನೆಯಾಯಿತು. ತಂಡದ ಹೆಸರಿನಲ್ಲಿ ವಿಮಾನದ ಹೆಸರೂ ಅಡಗಿದೆ. 2011ರವರೆಗೆ ಈ ತಂಡ ಕಿರಣ್ ವಿಮಾನಗಳಲ್ಲಿಯೇ ಪ್ರದರ್ಶನ ನೀಡಿತು. ಅನಂತರ ಹಾಕ್ ವಿಮಾನಗಳಿಗೆ ಬದಲಾಯಿತು.

ಹುಮನಾಬಾದ್, ಘಾಟಬೋರಾಳ, ಬಸವಕಲ್ಯಾಣಗಳನ್ನು ಒಳಗೊಂಡ ಬೀದರ್ ಜಿಲ್ಲೆ ಹೀಗೆ ಭಾರತದ ಚಾಲಕ ತರಬೇತಿಯ ಇತಿಹಾಸದಲ್ಲಿ ಸ್ಥಾನ ಪಡೆದಿದೆ. ಕಾರ್ಖಾನೆಯೊಂದರ ಹೆಸರು ರಾಜಧಾನಿಯೊಡನೆ ಗುರುತಿಸಿಕೊಂಡರೂ ಅಲ್ಲಿ ತಯಾರಾದ ವಿಮಾನಗಳು ಗುಣದೋಷಗಳ ಪರೀಕ್ಷೆಗೆ ಒಳಗಾದದ್ದು ಇಂಥ ನೆಲೆಗಳ ದಿನನಿತ್ಯದ ಪಾಠಗಳಲ್ಲಿ.

ತರಬೇತಿ ವಿಮಾನದ ತತ್ವ ಮತ್ತು ಮಾದರಿ ವಿಮಾನಗಳು

ಘಾಟಗೆಯವರ ತಂಡ ಅನುಸರಿಸಿದ ತತ್ವಗಳು ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಹೊಸದಾಗಿ ಕಲಿಯುವವರಿಗೆ ಪುಷ್ಪಕ್‌ನಂತೆ ಮೇಲುರೆಕ್ಕೆಯ ಮಾದರಿಯನ್ನು ಸಾಮಾನ್ಯವಾಗಿ ಸೂಚಿಸಲಾಗುತ್ತದೆ. ಅದರ ತೂಕ ರೆಕ್ಕೆಯ ಕೆಳಗೆ ತೂಗುವುದರಿಂದಲೂ ರೆಕ್ಕೆಗಳ ತುದಿ ತುಸು ಮೇಲಕ್ಕೆ ಬಾಗಿರುವುದರಿಂದಲೂ ಓಲಿದ ಮಾದರಿ ತಾನಾಗಿ ಸಮತಟ್ಟಿಗೆ ಬರಲು ಯತ್ನಿಸುತ್ತದೆ. ಗಾಳಿಗೆ ಎದುರಾಗಿ ಓಡಿಸಿ ಮೇಲೇರಿಸುವುದು, ನೆಲ ಬಿಟ್ಟ ಮೇಲೆ ನಿಧಾನವಾಗಿ ಎತ್ತರ ಗಳಿಸುವುದು, ಇಳಿಸುವಾಗ ಎಂಜಿನ್ ಶಕ್ತಿಯನ್ನು ತಗ್ಗಿಸಿ ನೆಲದ ಬಳಿ ಮೂತಿಯನ್ನು ಮೆಲ್ಲನೆ ಎತ್ತುವುದು, ಇವೆಲ್ಲ ದೊಡ್ಡ ವಿಮಾನದ ಪಾಠಗಳೇ. ಎರಡು ಜೋಡಿ ನಿಯಂತ್ರಣಗಳ ಬದಲು ಇಲ್ಲಿ ಬೋಧಕ ಮತ್ತು ವಿದ್ಯಾರ್ಥಿಯ ರೇಡಿಯೊ ಪೆಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸಲಾಗುತ್ತದೆ. ಬೋಧಕ ಒಂದು ಗುಂಡಿಯಿಂದ ನಿಯಂತ್ರಣವನ್ನು ಮರಳಿ ಪಡೆಯಬಹುದು.

ಒಂದು ವ್ಯತ್ಯಾಸ ಮುಖ್ಯವಾದುದು. ಚಾಲಕ ವಿಮಾನದೊಳಗೆ ಕುಳಿತಾಗ ಅವನ ಎಡಬಲ ಮತ್ತು ವಿಮಾನದ ಎಡಬಲ ಒಂದೇ. ಮಾದರಿಯನ್ನು ನೆಲದ ಮೇಲೆ ನಿಂತು ಹಾರಿಸುವವನತ್ತ ಅದು ಮುಖಮಾಡಿ ಬರುವಾಗ ಎಡಬಲಗಳು ಅದಲುಬದಲಾಗುತ್ತವೆ. ಇಳಿಸುವ ಮುನ್ನ ಮಾದರಿ ಸಾಮಾನ್ಯವಾಗಿ ಹಾರಿಸುವವನ ಕಡೆಗೇ ಬರುವುದರಿಂದ ಗೊಂದಲ ಸಂಭವಿಸುವುದು ಅಪಾಯದ ಆ ಘಳಿಗೆಯಲ್ಲಿಯೇ. ಯಾವ ರೆಕ್ಕೆ ಕೆಳಗಿಳಿದಿದೆಯೋ ಆ ಬದಿಗೆ ಕೋಲನ್ನು ಸರಿಸಿ ಅದಕ್ಕೆ ಆಸರೆ ಕೊಡಬೇಕೆಂಬ ಸೂತ್ರವನ್ನು ಕಲಿಯುವವರು ರೂಢಿಸಿಕೊಳ್ಳುತ್ತಾರೆ.

ಪ್ರಶಸ್ತಿ, ಗೌರವ ಮತ್ತು ನಿಧನ

ಕಿರಣ್ ಹಾರಿದ ಮರುವರ್ಷ, 1965ರಲ್ಲಿ, ಘಾಟಗೆಯವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಭಾರತೀಯ ವೈಮಾನಿಕ ಸೊಸೈಟಿಯು ವಿಮಾನ ವಿನ್ಯಾಸ ಮತ್ತು ತಯಾರಿಕೆಯ ಕ್ಷೇತ್ರದ ಸಾಧಕರಿಗಾಗಿ ಡಾ. ವಿ. ಎಂ. ಘಾಟಗೆ ಪ್ರಶಸ್ತಿಯನ್ನು ನೀಡುತ್ತಿದೆ. ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಸಭಾಭವನಕ್ಕೆ ಅವರ ಹೆಸರಿಡಲಾಗಿದೆ. ಘಾಟಗೆಯವರು 1991ರ ಡಿಸೆಂಬರ್ 6ರಂದು ನಿಧನರಾದರು.

ಪರಂಪರೆ

ಘಾಟಗೆಯವರ ಸಾಧನೆಯನ್ನು ಮಾರುತ್‌ನಂಥ ಯುದ್ಧ ವಿಮಾನಗಳ ಖ್ಯಾತಿಯ ನೆರಳಿನಲ್ಲಿ ನೋಡುವುದುಂಟು. ಮಾರುತ್ ಸುಮಾರು 150ರಷ್ಟು ಸಂಖ್ಯೆಯಲ್ಲಿ ತಯಾರಾಗಿ, ತಕ್ಕ ಶಕ್ತಿಯ ಎಂಜಿನ್ ದೊರೆಯದ ಕಾರಣ ತನ್ನ ಪೂರ್ಣ ಸಾಮರ್ಥ್ಯವನ್ನು ತಲುಪಲಾಗದೆ ನಿವೃತ್ತಿಯಾಯಿತು. ಎಚ್‌ಟಿ-2 ಮತ್ತು ಕಿರಣ್ ಮಾತ್ರ ಸದ್ದಿಲ್ಲದೆ ದಶಕಗಟ್ಟಲೆ ಕೆಲಸ ಮಾಡಿದವು. ಲಭ್ಯವಿದ್ದ ಎಂಜಿನ್‌ಗೆ ತಕ್ಕಂತೆ ವಿಮಾನವನ್ನು ರೂಪಿಸಿದ್ದು, ಬಳಸುವವರ ಅನುಭವದ ಮಟ್ಟವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡದ್ದು ಅವುಗಳ ದೀರ್ಘಾಯುಷ್ಯಕ್ಕೆ ಕಾರಣಗಳು.

ಬೆಂಗಳೂರಿನಲ್ಲಿ ತರಬೇತಿ ವಿಮಾನಗಳನ್ನು ವಿನ್ಯಾಸ ಮಾಡುವ ಪರಂಪರೆ ಅನಂತರವೂ ಮುಂದುವರಿಯಿತು. ದೀಪಕ್ 1977ರಲ್ಲಿ ಹಾರಿತು. ಎಚ್‌ಟಿಟಿ-40 ಎಂಬ ಪ್ರಾಥಮಿಕ ತರಬೇತಿ ವಿಮಾನವು 2016ರ ಮೇ 31ರಂದು ಮೊದಲ ಹಾರಾಟ ನಡೆಸಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಆರಂಭಿಸಿದ ವಿಭಾಗ ಇಂದು ಏರೋಸ್ಪೇಸ್ ಎಂಜಿನಿಯರಿಂಗ್ ವಿಭಾಗವೆಂಬ ಹೆಸರಿನಲ್ಲಿ ಬೋಧನೆ ಹಾಗೂ ಸಂಶೋಧನೆಯನ್ನು ಮುಂದುವರಿಸಿದೆ.